ಪುಣೆಯ ನೌಕರಿ, ಏರಿದ ತೂಕ: ಇಪ್ಪತ್ತರ ಹರೆಯದಲ್ಲಿ ಒಳ್ಳೆಯ ರೂಢಿ ಹಾಕಿಕೊಳ್ಳುವ ಬಗೆ

ವಿಜಯಪುರ, ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ ಕಡೆಯಿಂದ ನೌಕರಿಗೆಂದು ಪುಣೆಗೆ ಬಂದ ಹುಡುಗ ವರ್ಷ ಕಳೆಯುವುದರೊಳಗೆ ಬೆಲ್ಟಿನ ಕೊನೆಯ ತೂತಿಗೆ ಬಂದಿರುತ್ತಾನೆ. ಹುಡುಗಿ ದೀಪಾವಳಿಗೆ ಊರಿಗೆ ಹೋದರೆ ಓಣಿಯವರು ‘ಪುಣೆ ನೀರು ಭಾಳ ಹಿಡಿಸೇತಲ್ಲ ನಿನಗ’ ಎನ್ನುತ್ತಾರೆ. ಮಾತು ನಾಟಿ ಮರುದಿನವೇ ಅನ್ನ ಬಿಟ್ಟವರು ಹದಿನೈದು ದಿನಕ್ಕೆ ಸೋತು, ಮೊದಲಿಗಿಂತ ಹೆಚ್ಚು ಉಣ್ಣತೊಡಗುತ್ತಾರೆ.

ಇಲ್ಲಿ ತಪ್ಪುವುದು ಕಾರಣ ಹುಡುಕುವುದರಲ್ಲಿ. ಹೆಚ್ಚಿನವರು ತಟ್ಟೆಯಲ್ಲಿ ಮೊದಲಿಗಿಂತ ಹೆಚ್ಚು ಬಡಿಸಿಕೊಂಡಿರುವುದಿಲ್ಲ. ಕಾಲೇಜಿನ ದಿನಗಳ ನಡಿಗೆ ಗೊತ್ತಿಲ್ಲದೆ ಮಾಯವಾಗಿರುತ್ತದೆ: ಬಸ್‌ ಸ್ಟ್ಯಾಂಡಿನವರೆಗೆ ಹೋಗಿಬರುವುದು, ಹಾಸ್ಟೆಲಿನ ಮೆಟ್ಟಿಲು, ಸಂಜೆಯ ಕ್ರಿಕೆಟ್. ರೂಮಿರುವ ವಾಕಡ್‌ನಿಂದ ಆಫೀಸಿರುವ ಹಿಂಜವಡಿಗೆ ಕ್ಯಾಬು, ಅಲ್ಲಿ ಒಂಬತ್ತು ತಾಸು ಕುರ್ಚಿ. ದಿನಕ್ಕೆ 4,000 ಹೆಜ್ಜೆ ಕಡಿಮೆಯಾದರೆ ಸುಮಾರು 150 ಕ್ಯಾಲರಿ ಉಳಿಯಿತು. ಅದರ ಮೇಲೆ ಆಫೀಸಿನ ಹೊರಗೆ ಎರಡು ಮೂರು ಸಿಹಿ ಚಹಾ ಸೇರಿದರೆ 250 ಆಯಿತು. ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುವುದರಿಂದ ಕಾಗದದ ಲೆಕ್ಕಕ್ಕೆ ತಿಂಗಳಿಗೆ ಒಂದು ಕಿಲೊ ಬಂದಂತೆ. ಆದರೆ ಮೈ ಭಾರವಾದಂತೆ ಖರ್ಚೂ ಏರುತ್ತದೆ. ಹಾಗಾಗಿ ವರ್ಷಕ್ಕೆ ಹನ್ನೆರಡು ಏರದೆ ಐದಾರು ಕಿಲೊ ಏರುತ್ತದೆ. ಕಳೆದುಹೋದ ನಡಿಗೆಯನ್ನು ವಾಪಸ್ಸು ತರುವುದು, ಕಣ್ಣಿಗೆ ಬೀಳದೆ ಒಳಬಂದ ಎಣ್ಣೆ–ಸಕ್ಕರೆಯನ್ನು ಹೊರಗಿಡುವುದು, ಇವೇ ಮುಖ್ಯ ಕೆಲಸ. ಉಪವಾಸ ಬೀಳಬೇಕಾಗಿಲ್ಲ.

ಮೊದಲು ಸರಿಯಾಗಿ ಅಳೆಯಿರಿ

ತೂಕದ ಯಂತ್ರವನ್ನು ಗಟ್ಟಿ ನೆಲದ ಮೇಲಿಡಿ; ಚಾಪೆಯ ಮೇಲಿಟ್ಟರೆ ತಪ್ಪು ತೋರಿಸುತ್ತದೆ. ಬೆಳಿಗ್ಗೆ ಶೌಚ ಮುಗಿಸಿ, ನೀರು ಕುಡಿಯುವ ಮೊದಲು, ಹಗುರ ಬಟ್ಟೆಯಲ್ಲಿ ನಿಲ್ಲಿ. ವಾರಕ್ಕೆ ಮೂರು ಸಲ ತೂಗಿ, ಮೂರರ ಸರಾಸರಿ ಬರೆದಿಡಿ. ಹಿಂದಿನ ರಾತ್ರಿ ಉಪ್ಪು ಹೆಚ್ಚಿನ ಊಟ ಆಗಿದ್ದರೆ, ಮುಟ್ಟಿನ ದಿನ ಹತ್ತಿರ ಬಂದಿದ್ದರೆ, ನೀರು ತಡೆದುಕೊಂಡೇ ಒಂದೆರಡು ಕಿಲೊ ಏರುತ್ತದೆ. ಅದು ಕೊಬ್ಬಲ್ಲ. ದಿನದಿನದ ಅಂಕಿ ನೋಡಿ ಕೊರಗುವವರು ಬೇಗ ಕೈಬಿಡುತ್ತಾರೆ.

ತೂಕಕ್ಕಿಂತ ನಡುವಿನ ಸುತ್ತಳತೆ ಹೆಚ್ಚು ಹೇಳುತ್ತದೆ. ದರ್ಜಿಯ ಟೇಪು ತೆಗೆದುಕೊಳ್ಳಿ. ಪಕ್ಕೆಲುಬಿನ ಕೆಳತುದಿಯನ್ನೂ ಸೊಂಟದ ಮೂಳೆಯ ಮೇಲಂಚನ್ನೂ ಬೆರಳಿನಿಂದ ಮುಟ್ಟಿ ಹುಡುಕಿ, ಎರಡರ ನಟ್ಟನಡುವೆ ಟೇಪು ಸುತ್ತಿ. ಅದು ನೆಲಕ್ಕೆ ಸಮವಾಗಿರಬೇಕು, ಚರ್ಮಕ್ಕೆ ತಾಗಬೇಕು, ಒತ್ತಬಾರದು. ಉಸಿರು ಸಹಜವಾಗಿ ಹೊರಬಿಟ್ಟ ಮೇಲೆ ಓದಿ. ಹೊಟ್ಟೆ ಒಳಗೆಳೆದುಕೊಂಡರೆ ಅಳೆದೂ ಉಪಯೋಗವಿಲ್ಲ. ಭಾರತೀಯರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರಿಕೆ. ಎತ್ತರದ ಅರ್ಧಕ್ಕಿಂತ ನಡು ಕಡಿಮೆ ಇರಲಿ ಎಂಬುದು ನೆನಪಿಡಲು ಸುಲಭ.

ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಲೆಕ್ಕಕ್ಕೆ ಕಿಲೊ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ. 1.68 ಮೀಟರ್ ಎತ್ತರ, 72 ಕಿಲೊ ಇದ್ದರೆ 25.5. ನಮ್ಮವರಿಗೆ 18.5ರಿಂದ 22.9 ಸರಿಯಾದ ಮಟ್ಟ, 23ರಿಂದ 24.9 ಹೆಚ್ಚು ತೂಕ, 25 ಮತ್ತು ಮೇಲೆ ಬೊಜ್ಜು. ಜಾಗತಿಕ ಪಟ್ಟಿಯಲ್ಲಿ ಈ ಗೆರೆಗಳು 25 ಮತ್ತು 30ರಲ್ಲಿವೆ. ನಮ್ಮಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಸುತ್ತ ಕೊಬ್ಬು ಕೂಡಿ ಸಕ್ಕರೆ ಕಾಯಿಲೆ ಬರುವುದರಿಂದ ಇಲ್ಲಿ ಕೆಳಗಿಳಿಸಿದ್ದಾರೆ.

ಎಲ್ಲ ಏರಿಕೆಯನ್ನೂ ಇಳಿಸಬೇಕಾಗಿಲ್ಲ

ಹದಿನೇಳರ ಮೈ ಬೇರೆ, ಇಪ್ಪತ್ತೈದರ ಮೈ ಬೇರೆ. ಎತ್ತರ ನಿಂತ ಮೇಲೂ ಭುಜ, ಸೊಂಟ ತುಂಬಿಕೊಳ್ಳುತ್ತವೆ, ಮಾಂಸಖಂಡ ಬೆಳೆಯುತ್ತದೆ. 47 ಕಿಲೊ ಇದ್ದ ಹುಡುಗಿ 53 ಆಗಿ, ನಡು 72 ಸೆಂ.ಮೀ. ಇದ್ದು, ಬಿಎಂಐ 21 ಇದ್ದರೆ ಅವಳು ದೊಡ್ಡವಳಾಗಿದ್ದಾಳೆ ಎಂದರ್ಥ. ಪಿಯುಸಿಯ ಜೀನ್ಸು ಅವಳ ಗುರಿಯಾಗಬಾರದು. ಇಂಥವರು ಮುಂದೆ ಹೇಳುವ ನಡಿಗೆ, ವ್ಯಾಯಾಮ, ನಿದ್ದೆ ರೂಢಿಸಿಕೊಂಡರೆ ಸಾಕು. ಊಟ ಕಡಿಮೆ ಮಾಡಬೇಡಿ.

ತೂಕ ಇಳಿಸಬೇಕಾದವರೂ ಈಗಿನ ಮೈಗೆ ಸರಿಹೊಂದುವ ಎರಡು ಪ್ಯಾಂಟು, ಮೂರು ಮೇಲಂಗಿ ಈಗಲೇ ಮಾಡಿಕೊಳ್ಳಿ. ಬಿಗಿ ಬಟ್ಟೆ ದಿನವಿಡೀ ಹೊಟ್ಟೆ ಕಚ್ಚುತ್ತ ನಾಚಿಕೆ ನೆನಪಿಸುತ್ತದೆ, ನಾಚಿಕೆ ಬಂದವರು ವಾಕಿಂಗಿಗೂ ಹೊರಬೀಳುವುದಿಲ್ಲ. ಹಣ ಉಳಿಸಬೇಕೆಂದರೆ ಪ್ಯಾಂಟಿನ ಹಿಂಬದಿಯ ನಡುಹೊಲಿಗೆಯನ್ನು ಒಳಗಿನಿಂದ ತಿರುಗಿಸಿ ನೋಡಿ. ಅಲ್ಲಿ ಬಟ್ಟೆ ಮಡಚಿ ಬಿಟ್ಟಿದ್ದರೆ ದರ್ಜಿ ಒಂದು ಇಂಚಿನಷ್ಟು ಬಿಡಿಸಿಕೊಡುತ್ತಾನೆ. ಬ್ಲೌಸಿನ ಪಕ್ಕದ ಹೊಲಿಗೆಯಲ್ಲೂ ಹೀಗೆಯೇ ಜಾಗ ಇರುತ್ತದೆ.

ಯಾರು ಮೊದಲು ವೈದ್ಯರನ್ನು ಕಾಣಬೇಕು

ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ಮಖಮಲಿನಂತೆ ದಪ್ಪವಾಗಿದ್ದರೆ ಅದನ್ನು ಕೊಳೆಯೆಂದು ತಿಕ್ಕಬೇಡಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವುದು, ಗಲ್ಲದ ಮೇಲೆ ದಪ್ಪ ಕೂದಲು ಬರುವುದು ಪಿಸಿಓಎಸ್‌ (ಅಂಡಾಶಯದ ಹಾರ್ಮೋನ್ ತೊಂದರೆ) ಲಕ್ಷಣ. ಚಳಿ ತಡೆಯದಿರುವುದು, ಮಲಬದ್ಧತೆ, ತೀರದ ಸುಸ್ತು ಇದ್ದರೆ ಥೈರಾಯಿಡ್ ನೋಡಿಸಿ. ಸ್ಟೀರಾಯ್ಡ್ ಮತ್ತು ಕೆಲವು ಮಾನಸಿಕ ಚಿಕಿತ್ಸೆಯ ಔಷಧಗಳಿಂದಲೂ ತೂಕ ಏರುತ್ತದೆ. ಹಾಗೆಂದು ಗುಳಿಗೆ ನೀವೇ ನಿಲ್ಲಿಸಬಾರದು, ಬರೆದುಕೊಟ್ಟವರಿಗೆ ಹೇಳಿ.

ಬಿಎಂಐ 25 ದಾಟಿದವರು ರಕ್ತದೊತ್ತಡ, ಉಪವಾಸದ ಸಕ್ಕರೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟ್ರಾಲ್ ಪರೀಕ್ಷೆ ಒಮ್ಮೆ ಮಾಡಿಸಿ. ಉಪವಾಸದ ಸಕ್ಕರೆ 100ರಿಂದ 125 ಅಥವಾ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಮಧುಮೇಹದ ಹೊಸ್ತಿಲು. ಇಪ್ಪತ್ತಾರನೇ ವಯಸ್ಸಿಗೆ ಇದು ಗೊತ್ತಾದರೆ ಹಿಂದೆ ಸರಿಯಲು ಒಳ್ಳೆಯ ಅವಕಾಶ. ಗರ್ಭಿಣಿಯರು, ಸಕ್ಕರೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬದಲಿಸಬಾರದು.

ಗುರಿ ಎಷ್ಟಿರಲಿ

ಈಗಿನ ತೂಕದ ನೂರಕ್ಕೆ ಐದು. 72 ಕಿಲೊ ಇದ್ದವರಿಗೆ 3.6 ಕಿಲೊ. ಇಷ್ಟಕ್ಕೇ ಸಕ್ಕರೆ, ರಕ್ತದೊತ್ತಡ ಸುಧಾರಿಸತೊಡಗುತ್ತವೆ. ವಾರಕ್ಕೆ ಕಾಲಿನಿಂದ ಅರ್ಧ ಕಿಲೊ ಇಳಿಯಲಿ, ಅಂದರೆ ಎರಡು ಮೂರು ತಿಂಗಳ ಕೆಲಸ. ತಿಂಗಳಿಗೆ ಹತ್ತು ಕಿಲೊ ಇಳಿಸುತ್ತೇವೆ ಎನ್ನುವ ಪುಡಿ, ಪಾನೀಯಗಳ ಹತ್ತಿರ ಹೋಗಬೇಡಿ: ಅದರಲ್ಲಿ ಮೊದಲು ಹೋಗುವುದು ನೀರು, ಆಮೇಲೆ ಮಾಂಸಖಂಡ, ಕೆಲವು ತಿಂಗಳಿಗೆ ತಲೆಗೂದಲು.

ಎಣ್ಣೆ ಎಲ್ಲಿಂದ ಬರುತ್ತಿದೆ

ಬದಲಾವಣೆಗೆ ಮುಂಚೆ ಏಳು ದಿನ ಬಾಯಿಗೆ ಹೋದದ್ದನ್ನೆಲ್ಲ ಫೋನಿನಲ್ಲಿ ಬರೆದಿಡಿ, ಪಕ್ಕದಲ್ಲಿ ಸಮಯ ಹಾಕಿ. ತೂಕ ಮಾಡುವುದು ಬೇಡ. ‘4 ಪೋಳಿ (ಚಪಾತಿ), ಬಟಾಟೆ ಭಾಜಿ (ಪಲ್ಯ), ಚಹಾ 2’ ಇಷ್ಟು ಸಾಕು. ವಾರದ ಕೊನೆಗೆ ಕೂತು ಓದಿದರೆ ನಿಮ್ಮ ಸೋರಿಕೆ ಎಲ್ಲಿದೆ ಎಂಬುದು ಹೊಳೆಯುತ್ತದೆ. ಪುಣೆಯಲ್ಲಿ ಅದು ಹೆಚ್ಚಾಗಿ ಎರಡು ಕಡೆ: ಪೋಳಿ ಮತ್ತು ಚಹಾ.

ಖಾನಾವಳಿಯ ಪೋಳಿಯನ್ನು ಬೆರಳಲ್ಲಿ ಒತ್ತಿ ನೋಡಿ. ಮಡಿಕೆಯೊಳಗೆ ಸವರಿದ ಎಣ್ಣೆ, ಹಂಚಿನ ಮೇಲೆ ಹಾಕಿದ ಎಣ್ಣೆ ಸೇರಿ ಒಂದಕ್ಕೆ ಅರ್ಧ ಚಮಚ ಹಿಡಿದರೂ ಹೊತ್ತಿಗೆ ನಾಲ್ಕರಂತೆ ದಿನಕ್ಕೆ ಎಂಟು ಪೋಳಿಯಲ್ಲಿ ನಾಲ್ಕು ಚಮಚ, ಅಂದರೆ 20 ಮಿ.ಲೀ. ಒಬ್ಬರ ಇಡೀ ದಿನಕ್ಕೆ ಸಾಕಾಗುವಷ್ಟು ಎಣ್ಣೆ ಪೋಳಿಯಲ್ಲೇ ಮುಗಿಯಿತು; ಭಾಜಿಯದು, ಆಮಟಿಯ (ಬೇಳೆ ಸಾರಿನ) ಒಗ್ಗರಣೆಯದು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಡಬ್ಬಿ ಕೊಡುವವರಿಗೆ ‘ಕಾಕೂ, ಪೋಳೀಲಾ ತೇಲ್ ನಕೋ’ (ಪೋಳಿಗೆ ಎಣ್ಣೆ ಬೇಡ) ಎಂದು ಮುಂಚೆಯೇ ಹೇಳಿ. ಫುಲ್ಕಾ ಅಥವಾ ಭಾಕರಿ (ರೊಟ್ಟಿ) ಕೊಡಲು ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ಪೋಳಿ–ಭಾಜಿ ಕೇಂದ್ರದಿಂದ ಭಾಕರಿ ಮಾತ್ರ ತಂದು, ಕಾಳಿನ ಪಲ್ಯ ರೂಮಿನಲ್ಲೇ ಮಾಡಿಕೊಳ್ಳಿ.

ಫ್ಲ್ಯಾಟಿನಲ್ಲಿ ಅಡುಗೆಗೆ ಮಾವಶಿ (ಅಡುಗೆಯಾಕೆ) ಬರುತ್ತಿದ್ದರೆ ಕ್ಯಾನಿನಿಂದ ನೇರ ಸುರಿಯುವುದು ನಿಲ್ಲಬೇಕು. 5 ಮಿ.ಲೀ. ಚಮಚವನ್ನು ಎಣ್ಣೆ ಡಬ್ಬಿಗೆ ದಾರ ಕಟ್ಟಿ ಇಡಿ. ‘ಮಾವಶಿ, ದೋನ್ ಚಮಚೇ, ಜಾಸ್ತ ನಕೋ’ (ಎರಡೇ ಚಮಚ, ಹೆಚ್ಚು ಬೇಡ) ಎಂದು ಮೊದಲ ವಾರ ಎದುರು ನಿಂತು ಹೇಳಿ. ರುಚಿ ಕೆಟ್ಟರೆ ತಮ್ಮ ಮೇಲೆ ಬರುತ್ತದೆಂಬ ಅಂಜಿಕೆಯಿಂದಲೇ ಅವರು ಹೆಚ್ಚು ಹಾಕುತ್ತಾರೆ, ಆದ್ದರಿಂದ ಚೆನ್ನಾಗಿದೆ ಎಂದೂ ಹೇಳಿ. ಪ್ಯಾಕೆಟ್ಟು ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಇಬ್ಬರು ಎರಡೂ ಹೊತ್ತು ಉಣ್ಣುವ ಮನೆಯಲ್ಲಿ ಒಂದು ಲೀಟರು ಸುಮಾರು ಇಪ್ಪತ್ತು ದಿನ ಬರಬೇಕು. ಹತ್ತೇ ದಿನಕ್ಕೆ ಮುಗಿದರೆ ಒಬ್ಬೊಬ್ಬರಿಗೆ ದಿನಕ್ಕೆ 50 ಮಿ.ಲೀ., ಅಂದರೆ ಎಣ್ಣೆಯಿಂದಲೇ 400ಕ್ಕೂ ಹೆಚ್ಚು ಕ್ಯಾಲರಿ.

ಮಿಸಳ್ ತಿನ್ನಬಾರದೇ? ತಿನ್ನಿ. ಅದರೊಳಗಿನ ಮಟಕಿ ಉಸಳ್ (ಮಡಕೆ ಕಾಳಿನ ಪಲ್ಯ) ಒಳ್ಳೆಯ ಆಹಾರ. ಮೇಲೆ ತೇಲುವ ಕೆಂಪು ಎಣ್ಣೆಯ ತರ್ರಿಯನ್ನು ಬಟ್ಟಲಿಗೆ ತೆಗೆದಿಡಿ, ಶೇವು–ಫರಸಾಣ ಅರ್ಧ ಹಾಕಿಸಿ, ಎರಡನೇ ಜೋಡಿ ಪಾವು ಬೇಡವೆನ್ನಿ. ಸಾಬುದಾಣೆ ಖಿಚಡಿಯನ್ನು ಮಾತ್ರ ಹಗುರ ಫಲಾಹಾರ ಎಂದುಕೊಳ್ಳಬೇಡಿ: ಸಾಬುದಾಣೆ ಬರೀ ಪಿಷ್ಟ, ಅದರಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ, ಮೇಲೆ ತುಪ್ಪ, ಶೇಂಗಾ. ಏಕಾದಶಿ, ಚತುರ್ಥಿ ಹಿಡಿಯುವವರು ಭಗರ್ ಅಕ್ಕಿಗೆ (ಉಪವಾಸದ ಸಿರಿಧಾನ್ಯ) ಶೇಂಗಾ ಆಮಟಿ, ಜತೆಗೆ ಮಜ್ಜಿಗೆ ಮಾಡಿಕೊಂಡರೆ ಹೊಟ್ಟೆ ನಿಲ್ಲುತ್ತದೆ.

ಚಹಾ

ಅಮೃತತುಲ್ಯದ (ಪುಣೆಯ ಚಹಾ ಅಂಗಡಿಯ) ಚಹಾ ಪಾತ್ರೆಯಲ್ಲೇ ಸಕ್ಕರೆ ಬಿದ್ದು ಕುದಿದಿರುತ್ತದೆ. ಕಡಿಮೆ ಹಾಕಿ ಎಂದರೆ ಆಗುವುದಿಲ್ಲ. ಒಂದು ಸಣ್ಣ ಕಪ್ಪಿಗೆ ಎರಡು ಚಮಚ, 10 ಗ್ರಾಂ ಎಂದು ಹಿಡಿದರೂ ಐದು ಕಪ್ಪಿಗೆ 50 ಗ್ರಾಂ ಸಕ್ಕರೆ, 200 ಕ್ಯಾಲರಿ. ದಿನಕ್ಕೆ ಹೊರಗಿನ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಗೆಳೆಯರ ಜೊತೆ ಎದ್ದು ಹೋಗುವುದನ್ನು ಬಿಡಬೇಡಿ, ಆ ಹತ್ತು ನಿಮಿಷದ ಓಡಾಟ ಬೇಕು. ಎರಡು ಚಹಾ ಉಳಿಸಿಕೊಳ್ಳಿ, ಉಳಿದ ಸಲ ತಾಕ್ (ಮಜ್ಜಿಗೆ) ಅಥವಾ ನಿಂಬೆ ನೀರು. ರೂಮಿನ ಚಹಾದಲ್ಲಿ ವಾರಕ್ಕೆ ಅರ್ಧ ಚಮಚದಂತೆ ಸಕ್ಕರೆ ಇಳಿಸಿ. ಒಮ್ಮೆಲೇ ನಿಲ್ಲಿಸಿದವರಿಗೆ ಚಹಾ ಕಷಾಯದಂತೆ ಅನ್ನಿಸಿ ಮೂರನೇ ದಿನ ಹಳೆಯ ದಾರಿಗೇ ಬರುತ್ತಾರೆ. ಖಾರಿ, ಕ್ರೀಮ್ ರೋಲು ಚಹಾದ ಜೊತೆ ಬರುವುದರಿಂದ ಚಹಾ ಕಡಿಮೆಯಾದರೆ ಅವೂ ಕಡಿಮೆಯಾಗುತ್ತವೆ.

ತಟ್ಟೆಯಲ್ಲಿ ಏನು ಹೆಚ್ಚಬೇಕು

ಕಡಿಮೆ ಮಾಡುವುದನ್ನಷ್ಟೇ ಹೇಳಿದರೆ ಹಸಿವು ಗೆಲ್ಲುತ್ತದೆ. ಅರ್ಧ ತಟ್ಟೆ ಪಲ್ಯ, ಕೋಸಂಬರಿ. ಕಾಲು ಭಾಗ ರೊಟ್ಟಿ ಅಥವಾ ಅನ್ನ. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ, ಮೀನು ಅಥವಾ ಕೋಳಿ. ಬಟಾಟೆ ಭಾಜಿ ಅನ್ನದ ಲೆಕ್ಕಕ್ಕೇ ಹೋಗಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದಂತೆ ಆರೋಗ್ಯವಂತರಿಗೆ ದಿನಕ್ಕೆ ಕಿಲೊ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ತೂಕ ಇಳಿಸುವಾಗ ಒಂದು ಗ್ರಾಂ ಹಿಡಿಯುವುದು ಲೇಸು, ಮಾಂಸಖಂಡ ಉಳಿಯುತ್ತದೆ. 69 ಗ್ರಾಂ ಹೀಗೆ ಬರುತ್ತದೆ: ಬೆಳಿಗ್ಗೆ ಎರಡು ಮೊಟ್ಟೆ 12, ಮಧ್ಯಾಹ್ನ ಎರಡು ಜೋಳದ ರೊಟ್ಟಿ 12, ಒಂದು ಬಟ್ಟಲು ಮಟಕಿ ಉಸಳಿ 8, ಬಟ್ಟಲು ಮೊಸರು 5, ಸಂಜೆ ಒಂದು ಹಿಡಿ ಹುರಿದ ಕಡಲೆ 6, ರಾತ್ರಿ ಎರಡು ಫುಲ್ಕಾ 6, ಬೇಳೆ 7, ಒಣ ಸೋಯಾ ಚಂಕ್ಸ್ 25 ಗ್ರಾಂ ಹಾಕಿದ ಪಲ್ಯ 13. ಸೋಯಾವನ್ನು ಉಪ್ಪು ನೀರಲ್ಲಿ ಕುದಿಸಿ, ತಣ್ಣೀರಲ್ಲಿ ಎರಡು ಸಲ ಹಿಂಡಿದರೆ ಹಸಿವಾಸನೆ ಹೋಗುತ್ತದೆ. ಮೊಟ್ಟೆ ತಿನ್ನದವರು 60 ಗ್ರಾಂ ಪನೀರು ಇಟ್ಟುಕೊಳ್ಳಬಹುದು. ಡಬ್ಬದ ಪ್ರೋಟೀನ್ ಪುಡಿ ಅಗತ್ಯವಿಲ್ಲ.

ಜೋಳದ ರೊಟ್ಟಿಯ ಬಗ್ಗೆ ಒಂದು ಮಾತು, ನಮ್ಮ ಕಡೆಯವರು ಇಲ್ಲೇ ಎಡವುತ್ತಾರೆ. ಜೋಳವೆಂದರೆ ಎಷ್ಟು ತಿಂದರೂ ನಡೆಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಕೈಯಲ್ಲಿ ಬಡಿದ ದೊಡ್ಡ ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿಯುತ್ತದೆ, 200 ಕ್ಯಾಲರಿ. ಗೋಧಿ ಹಿಟ್ಟಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ರೊಟ್ಟಿಯ ಲಾಭ ಬೇರೆಯದು: ಎಣ್ಣೆ ಬೀಳುವುದಿಲ್ಲ, ಅಗಿಯಲು ಹೊತ್ತು ಬೇಕು, ಜತೆಗೆ ಕಾಳುಪಲ್ಯ, ಸೊಪ್ಪು, ಹಸಿ ಗಜ್ಜರಿ, ಸೌತೆ ತಾನಾಗಿ ಬರುತ್ತವೆ. ಶೇಂಗಾ ಹಿಂಡಿ ಎರಡು ಚಮಚಕ್ಕೆ ನಿಲ್ಲಲಿ, ಮೇಲೆ ಎಣ್ಣೆ ಬೇಡ, ಮೊಸರಲ್ಲಿ ಕಲಸಿಕೊಳ್ಳಿ.

ಕುಡಿಯುವವರು ನೆನಪಿಡಬೇಕಾದದ್ದು: 650 ಮಿ.ಲೀ. ಬಿಯರ್ ಬಾಟಲಿ ಸುಮಾರು 300 ಕ್ಯಾಲರಿ, ಅದರೊಂದಿಗೆ ಬರುವ ಕರಿದದ್ದು ಬೇರೆ.

ನಡಿಗೆ

ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಎರಡು ದಿನ ಮಾಂಸಖಂಡದ ವ್ಯಾಯಾಮ ಹೇಳುತ್ತದೆ. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಅದೇ ಚುರುಕು.

ಒಂದೇ ಸಲ ಒಂದು ತಾಸು ಹುಡುಕುವವರಿಗೆ ಆ ತಾಸು ಸಿಗುವುದೇ ಇಲ್ಲ. ಮೂರು ತುಂಡು ಮಾಡಿ: ಕ್ಯಾಬನ್ನು ಒಂದು ಕಿಲೋಮೀಟರ್ ಮೊದಲೇ ಬಿಟ್ಟು ನಡೆಯುವುದು, ಮಧ್ಯಾಹ್ನದ ಊಟವಾದ ಮೇಲೆ ಹತ್ತು ನಿಮಿಷ, ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ. ಊಟದ ನಂತರದ ನಡಿಗೆ ರಕ್ತದ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ. ಈಗ ದಿನಕ್ಕೆ 3,000 ಹೆಜ್ಜೆ ಇದ್ದರೆ ಮೊದಲ ವಾರ 4,000, ಹೀಗೆ ವಾರಕ್ಕೆ ಸಾವಿರದಂತೆ 8,000ದವರೆಗೆ ಏರಿಸಿ.

ಭಾನುವಾರಕ್ಕೆ ಪುಣೆಯ ಟೇಕಡಿಗಳಿವೆ (ಗುಡ್ಡಗಳು), ಈ ಊರಿನ ದೊಡ್ಡ ಭಾಗ್ಯ ಅದು. ಪರ್ವತಿಗೆ 103 ಮೆಟ್ಟಿಲು; ಹೊಸಬರು ಒಮ್ಮೆ ಹತ್ತಿಳಿದು, ಎರಡು ವಾರದ ಮೇಲೆ ಎರಡು ಸಲ ಮಾಡಲಿ. ಫರ್ಗ್ಯುಸನ್ ಕಾಲೇಜಿನ ಹಿಂದಿನ ಹನುಮಾನ್ ಟೇಕಡಿ, ತಳಜಾಯಿ, ಬಾಣೇರ್–ಪಾಷಾಣ ಟೇಕಡಿ, ಇನ್ನೂ ದೊಡ್ಡದು ಬೇಕೆಂದರೆ ವೇತಾಳ ಟೇಕಡಿ. ಬೆಳಕಿರುವಾಗಲೇ ಹೋಗಿ, ಜತೆ ಇರಲಿ. ಮಂಡಿ ನೋವು ಬರುವುದು ಇಳಿಯುವಾಗ: ಹೆಜ್ಜೆ ಚಿಕ್ಕದಿರಲಿ, ಮಂಡಿ ತುಸು ಬಾಗಿರಲಿ, ಓಡಬೇಡಿ. ಮಳೆಗಾಲದಲ್ಲಿ ಅಡಿಭಾಗ ಸವೆದ ಬೂಟು ಕೆಂಪು ಮಣ್ಣಿನಲ್ಲಿ ಜಾರುತ್ತದೆ. ಸಿಂಹಗಡ ಹತ್ತಿದವರು ಮೇಲೆ ಪಿಠಲೆ–ಭಾಕರಿ, ಮಡಕೆ ಮೊಸರು ಧಾರಾಳವಾಗಿ ಉಣ್ಣಲಿ. ಕಾಂದಾ ಭಜಿ (ಈರುಳ್ಳಿ ಬಜ್ಜಿ) ಎರಡು ಪ್ಲೇಟು ಹೋದರೆ ಹತ್ತಿದ್ದು ಅಲ್ಲಿಗೇ ಸರಿಹೋಯಿತು.

ರೂಮಿನಲ್ಲೇ ಬಲದ ವ್ಯಾಯಾಮ

ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ, 25 ನಿಮಿಷ. ಕುರ್ಚಿಯ ಮುಂದೆ ನಿಂತು ಕೂತೇಳುವುದು 10 ಸಲ. ಮಂಡಿಗಳು ಒಳಗೆ ಬಾಗದೆ ಕಾಲ್ಬೆರಳ ದಿಕ್ಕಿಗೇ ಇರಲಿ. ಕಟ್ಟೆಯ ಅಂಚಿಗೆ ಕೈಯಿಟ್ಟು ಪುಷ್‌ಅಪ್ 8 ಸಲ. ನಡು ಜೋತುಬಿದ್ದರೆ ಬೆನ್ನು ಹಿಡಿಯುತ್ತದೆ. ಆಫೀಸ್ ಬ್ಯಾಗಿನಲ್ಲಿ ಒಂದು ಲೀಟರಿನ ಐದು ನೀರಿನ ಬಾಟಲಿ ತುಂಬಿದರೆ ಐದು ಕಿಲೊ ಆಯಿತು. ಸೊಂಟದಿಂದ ಬಾಗಿ, ಬೆನ್ನು ನೆಟ್ಟಗಿಟ್ಟು, ಅದನ್ನು ಹೊಟ್ಟೆಯ ಕಡೆಗೆ ಎಳೆಯುವುದು ಪ್ರತಿ ಕೈಗೆ 10 ಸಲ. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು 12 ಸಲ. ಕೊನೆಗೆ ಮೊಣಕೈ ಊರಿ 20 ಸೆಕೆಂಡ್ ಪ್ಲ್ಯಾಂಕ್. ಇಡೀ ಸುತ್ತು ಎರಡು ಸಲ, ಮೂರನೇ ವಾರದಿಂದ ಮೂರು ಸಲ. ಬ್ಯಾಗು 12 ಸಲ ಎಳೆಯುವುದು ಸುಲಭವೆನಿಸಿದ ದಿನ ಬಾಟಲಿ ಒಂದು ಹೆಚ್ಚಿಸಿ. ಉಸಿರು ಕಟ್ಟಿ ಎತ್ತಬಾರದು.

ಮೊದಲ ಎರಡು ದಿನದ ಮೈಕೈ ನೋವು ಸಹಜ, ಕೀಲಿನೊಳಗೆ ಚುಚ್ಚುವ ನೋವು ಸಹಜವಲ್ಲ. ಜಿಮ್ಮಿಗೇ ಹೋಗುವವರು ವರ್ಷದ ಹಣ ಕಟ್ಟಬೇಡಿ. ಒಂದು ತಿಂಗಳು ಕಟ್ಟಿ ಹನ್ನೆರಡು ಸಲವಾದರೂ ಹೋದರೆ ಮುಂದಿನದು ನೋಡಿ. ಮನೆಯಿಂದ ಹತ್ತು ನಿಮಿಷಕ್ಕಿಂತ ದೂರದ ಜಿಮ್ಮು ಮಳೆ ಶುರುವಾದ ದಿನ ನಿಂತುಹೋಗುತ್ತದೆ.

ರಾತ್ರಿಯ ಕಾಲ್, ನಿದ್ದೆ

ಅಮೆರಿಕದವರ ಜೊತೆ ರಾತ್ರಿ ಒಂಬತ್ತೂವರೆಗೆ ಕಾಲ್ ಇರುವವರು ಅದು ಮುಗಿದ ಮೇಲೆ ಉಣ್ಣುತ್ತಾರೆ, ಹನ್ನೊಂದಕ್ಕೆ ಆ್ಯಪ್ ತೆರೆದು ಬಿರಿಯಾನಿ ತರಿಸುತ್ತಾರೆ. ಎಂಟಕ್ಕೇ ಊಟ ಮುಗಿಸಿ ಕಾಲಿಗೆ ಕೂಡಿ; ಆಮೇಲೆ ಹಸಿವಾದರೆ ಒಂದು ಲೋಟ ಹಾಲು, ಒಂದು ಹಣ್ಣು. ನಿದ್ದೆ ಏಳು ತಾಸು ಬೇಕು. ಕಡಿಮೆಯಾದ ಮರುದಿನ ಹಸಿವು ಹೆಚ್ಚುತ್ತದೆ, ಅದೂ ಕರಿದದ್ದು, ಸಿಹಿಯ ಮೇಲೇ ಮನಸ್ಸು ಹೋಗುತ್ತದೆ. ಸಂಜೆ ನಾಲ್ಕರ ಮೇಲೆ ಚಹಾ, ಕಾಫಿ ಬೇಡ, ಕೆಫೀನಿನ ಅರ್ಧ ಭಾಗ ಐದಾರು ತಾಸಾದರೂ ರಕ್ತದಲ್ಲಿ ಉಳಿದಿರುತ್ತದೆ. ಜೋರು ಗೊರಕೆ, ಏಳು ತಾಸು ಮಲಗಿದರೂ ಹಗಲು ತೂಕಡಿಕೆ ಇದ್ದರೆ ವೈದ್ಯರಿಗೆ ಹೇಳಿ.

ಜನರ ಮಾತು

‘ಯಾಕಪಾ, ಹೊಟ್ಟಿ ಬಂದೈತಲ್ಲ?’ ಎಂದು ಮಾಮಾ ಎಲ್ಲರೆದುರು ಕೇಳಿದರೆ ‘ಹೌದ್ರಿ ಮಾಮಾ, ನಡ್ಯಾಕ ಶುರು ಮಾಡೇನಿ, ಸಂಜಿಗೆ ನೀವೂ ಬರ್ರಿ’ ಎಂದರೆ ಮಾತು ಅಲ್ಲಿಗೆ ತಿರುಗುತ್ತದೆ. ಅವ್ವನಿಗೆ ಮಾತ್ರ ಬಿಡಿಸಿ ಹೇಳಿ. ‘ಡಯಟ್ ಮಾಡ್ತೀನಿ’ ಎಂದರೆ ಮಗ ಉಪವಾಸ ಇದ್ದಾನೆಂದು ಆಕೆ ಎರಡು ಪಟ್ಟು ಬಡಿಸುತ್ತಾಳೆ. ‘ಅವ್ವಾ, ಕಾಳುಪಲ್ಯ ಜಾಸ್ತಿ ಹಾಕು, ಅಗಸಿ ಹಿಂಡಿ ಕಟ್ಟಿಕೊಡು’ ಎಂದು ಬೇಕಾದದ್ದನ್ನು ಕೇಳಿ ಪಡೆಯಿರಿ. ಹೋಳಿಗೆಯ ದಿನ ಹೋಳಿಗೆ ಉಣ್ಣಿ. ಒಂದು ದಿನದ ಊಟ ತಿಂಗಳ ಕೆಲಸ ಕೆಡಿಸುವುದಿಲ್ಲ. ಹಬ್ಬದ ಡಬ್ಬಿ ಪುಣೆಗೆ ತಂದು ವಾರವಿಡೀ ತಿನ್ನುವುದು ಕೆಡಿಸುತ್ತದೆ. ಬಂದ ದಿನವೇ ಆಫೀಸಿನಲ್ಲಿ ಹಂಚಿಬಿಡಿ.

ತಿಂದು ವಾಂತಿ ಮಾಡಿಕೊಳ್ಳುವುದು, ಕದ್ದು ವಿಪರೀತ ತಿನ್ನುವುದು, ಊಟ ಬಿಟ್ಟು ಮುಟ್ಟು ನಿಲ್ಲುವುದು, ದಿನವಿಡೀ ತೂಕದ ಚಿಂತೆಯೇ ಆಗಿರುವುದು ಕಂಡರೆ ಈ ಮಾರ್ಗದರ್ಶಿ ಬದಿಗಿಟ್ಟು ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು.

ತೂಕ ಇಳಿಯುವುದು ನಿಂತಾಗ

ಏಳೆಂಟು ವಾರಕ್ಕೆ ಅಂಕಿ ಅಲ್ಲಾಡದೆ ನಿಲ್ಲುತ್ತದೆ. ಮೊದಲು ಟೇಪು ತೆಗೆಯಿರಿ: ನಡು ಇಳಿಯುತ್ತಿದ್ದರೆ ಕೊಬ್ಬು ಕರಗುತ್ತಿದೆ, ಏನೂ ಬದಲಿಸಬೇಡಿ. ನಡುವೂ ಮೂರು ವಾರ ನಿಂತಿದ್ದರೆ ಮತ್ತೆ ಏಳು ದಿನ ಬರೆದಿಡಿ. ಹೆಚ್ಚಾಗಿ ನಾಲ್ಕನೇ ಚಹಾ ಮೆಲ್ಲಗೆ ವಾಪಸ್ಸು ಬಂದಿರುತ್ತದೆ, ಇಲ್ಲವೇ ಎಣ್ಣೆ ಡಬ್ಬಿಯ ಚಮಚದ ದಾರ ಹರಿದಿರುತ್ತದೆ. ಅವೆರಡೂ ಸರಿಯಿದ್ದರೆ ದಿನಕ್ಕೆ 1,500 ಹೆಜ್ಜೆ ಹೆಚ್ಚಿಸಿ, ರಾತ್ರಿಯ ಒಂದು ಫುಲ್ಕಾ ಬಿಟ್ಟು ಮೂರು ವಾರ ನೋಡಿ. ನೂರಕ್ಕೆ ಐದರ ಗುರಿ ತಲುಪಿದವರು ಮೂರು ತಿಂಗಳು ಅದೇ ತೂಕದಲ್ಲಿ ನಿಲ್ಲಿ, ಆಮೇಲೆ ಬೇಕಿದ್ದರೆ ಮುಂದಿನ ಐದಕ್ಕೆ ಕೈಹಾಕಿ.